ಶಾಲಾ ಬಸ್ಸು ಕರೆಂಟಿನಲ್ಲಿ ಓಡುವುದು ಯಾವಾಗ? ಸರ್ಕಾರದ ಯೋಜನೆಗಳು ಮತ್ತು ನಮ್ಮ ಮೂರು ತಾಲ್ಲೂಕುಗಳು



ಈ ಸಾಲಿನಲ್ಲಿ ದಾನಿಗಳಿಂದ ನಮಗೆ ಮತ್ತೆ ಮತ್ತೆ ಬಂದ ಪ್ರಶ್ನೆ ಒಂದೇ. ಬೆಂಗಳೂರಿನಲ್ಲಿ ವಿದ್ಯುತ್ ಬಸ್ಸುಗಳು ಓಡುತ್ತಿವೆ, ಸರ್ಕಾರ ಸಹಾಯಧನವನ್ನೂ ಕೊಡುತ್ತದೆ ಎನ್ನುತ್ತಾರೆ. ಹಾಗಿದ್ದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ನಮ್ಮ ಮಕ್ಕಳಿಗೆ ಅಂಥದೊಂದು ಬಸ್ಸು ತರಬಾರದೇ? ಇನ್ನೊಂದು ಕಡೆಯಿಂದ ಪಾಲಕರು ಬೇರೊಂದು ಮಾತು ಹೇಳುತ್ತಾರೆ. ಫೀಸು ಹೇಗೋ ಹೊಂದಿಸಬಹುದು, ಟೆಂಪೋ ಬಾಡಿಗೆ ಕಟ್ಟಲಾಗುತ್ತಿಲ್ಲ ಎಂದು. ಈ ಎರಡೂ ಮಾತುಗಳು ಒಂದೇ ದಾರಿಯಲ್ಲಿ ಸೇರುತ್ತವೆ. ಆದ್ದರಿಂದ ಸರ್ಕಾರದ ನೀತಿಯಲ್ಲಿ ನಿಜವಾಗಿ ಏನಿದೆ, ಏನಿಲ್ಲ, ನಮ್ಮ ಊರಿನ ರಸ್ತೆಗೆ, ನಮ್ಮ ಜೇಬಿಗೆ ಅದು ಎಷ್ಟು ಹೊಂದುತ್ತದೆ ಎಂಬುದನ್ನು ಇಲ್ಲಿ ಬಿಡಿಸಿ ಹೇಳಲು ಪ್ರಯತ್ನಿಸಿದ್ದೇವೆ.

ಮೊದಲು ನಮ್ಮ ರಾಜ್ಯದ ಮಾತು. ವಿದ್ಯುತ್ ವಾಹನಗಳಿಗಾಗಿಯೇ ಒಂದು ನೀತಿಯನ್ನು ದೇಶದಲ್ಲಿ ಮೊಟ್ಟಮೊದಲು ಹೊರಡಿಸಿದ ರಾಜ್ಯ ಕರ್ನಾಟಕ. 2017ರ ಸೆಪ್ಟೆಂಬರ್‌ನಲ್ಲಿ ವಿದ್ಯುತ್ ವಾಹನ ಮತ್ತು ಇಂಧನ ಶೇಖರಣಾ ನೀತಿ ಪ್ರಕಟವಾಯಿತು. ಹೆಚ್ಚಿನವರು ಗಮನಿಸದ ಒಂದು ಸಂಗತಿ ಅದರಲ್ಲಿದೆ. 2030ರ ಹೊತ್ತಿಗೆ ಯಾವ ಯಾವ ವಾಹನಗಳು ನೂರಕ್ಕೆ ನೂರು ವಿದ್ಯುತ್ತಿಗೆ ಬದಲಾಗಬೇಕು ಎಂದು ಹೇಳುವಲ್ಲಿ ಆಟೋರಿಕ್ಷಾ, ಆ್ಯಪ್ ಟ್ಯಾಕ್ಸಿ, ಕಂಪನಿಗಳ ವಾಹನಗಳ ಜೊತೆಗೆ ಶಾಲಾ ಬಸ್ಸು ಮತ್ತು ವ್ಯಾನುಗಳ ಹೆಸರೂ ಇದೆ. ಅಂದರೆ ಶಾಲಾ ಬಸ್ಸನ್ನು ಸರ್ಕಾರ ಮರೆತಿದೆ ಎಂದು ಹೇಳುವಂತಿಲ್ಲ. ಗುರಿಯನ್ನು ಬರೆದು ಇಟ್ಟಿದೆ, ವರ್ಷವನ್ನೂ ನಮೂದಿಸಿದೆ.

ಆದರೆ ಗುರಿ ಬರೆಯುವುದು ಬೇರೆ, ಅದಕ್ಕೆ ಹಣ ಇಡುವುದು ಬೇರೆ. ಆ ನೀತಿಯ ಹೆಚ್ಚಿನ ಒತ್ತು ಇದ್ದದ್ದು ವಾಹನ ಮತ್ತು ಬ್ಯಾಟರಿ ತಯಾರಿಸುವ ಕಾರ್ಖಾನೆಗಳನ್ನು ರಾಜ್ಯಕ್ಕೆ ಕರೆತರುವುದರ ಮೇಲೆ, ಚಾರ್ಜಿಂಗ್ ಕೇಂದ್ರಗಳ ಮೇಲೆ. 2021ರ ತಿದ್ದುಪಡಿ ಕೂಡ ತಯಾರಕರ ಬಂಡವಾಳಕ್ಕೆ ಪ್ರೋತ್ಸಾಹ ಕೊಡುವುದೇ ಆಗಿತ್ತು. ಅದು ತಪ್ಪು ಎಂದು ನಾವು ಹೇಳುತ್ತಿಲ್ಲ, ಕಾರ್ಖಾನೆ ಬಂದರೆ ನಮ್ಮ ಡಿಪ್ಲೊಮಾ, ಐಟಿಐ ಹುಡುಗರಿಗೇ ಕೆಲಸ. ಆದರೆ ಬನವಾಸಿ ಕಡೆಯಿಂದಲೋ ಕಿರವತ್ತಿಯಿಂದಲೋ ಮಕ್ಕಳನ್ನು ಕರೆತರುವ ಶಾಲೆಯೊಂದು ಬಸ್ಸು ಬದಲಾಯಿಸಲು ಹೊರಟರೆ, ಆ ಗುರಿಯ ಸಾಲು ಅದರ ಕೈಗೆ ದುಡ್ಡು ಕೊಡುವುದಿಲ್ಲ.

ಇನ್ನು ಕೇಂದ್ರ ಸರ್ಕಾರ. ದಾನಿಗಳು ಹೇಳುವ ಸಬ್ಸಿಡಿ ಇರುವುದು ಇಲ್ಲಿ. 2015ರಲ್ಲಿ ಫೇಮ್ ಯೋಜನೆ ಆರಂಭವಾಯಿತು. 2019ರ ಏಪ್ರಿಲ್ 1ರಿಂದ ಅದರ ಎರಡನೆಯ ಹಂತ 10,000 ಕೋಟಿ ರೂಪಾಯಿಯೊಂದಿಗೆ ಜಾರಿಗೆ ಬಂತು, 2024ರ ಮಾರ್ಚ್‌ಗೆ ಮುಗಿಯಿತು. ಅದರಲ್ಲಿ ಸುಮಾರು 7,000 ಬಸ್ಸುಗಳಿಗೆ ನೆರವಿನ ಗುರಿ ಇತ್ತು. ಆದರೆ ಆ ನೆರವು ಸಿಕ್ಕಿದ್ದು ಸಾರಿಗೆ ನಿಗಮಗಳು ಮತ್ತು ನಗರ ಸಾರಿಗೆ ಸಂಸ್ಥೆಗಳು ಕಿಲೋಮೀಟರ್ ಲೆಕ್ಕದ ಗುತ್ತಿಗೆಯಲ್ಲಿ ಓಡಿಸುವ ಸಾರ್ವಜನಿಕ ಬಸ್ಸುಗಳಿಗೆ ಮಾತ್ರ. 2024ರ ಅಕ್ಟೋಬರ್ 1ರಿಂದ ಬಂದದ್ದು ಪಿಎಂ ಇ-ಡ್ರೈವ್. ಒಟ್ಟು 10,900 ಕೋಟಿ. ಬಸ್ಸುಗಳಿಗೆಂದು 4,391 ಕೋಟಿ, 14,028 ಬಸ್ಸುಗಳು. ಇವು ಹೋಗುವುದು 40 ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ಒಂಬತ್ತು ಮಹಾನಗರಗಳಿಗೆ. ಬೆಂಗಳೂರಿಗೆ 4,500 ಹಂಚಿಕೆಯಾಗಿದೆ. ನಡುವೆ, 2023ರ ಆಗಸ್ಟ್‌ನಲ್ಲಿ ಪಿಎಂ ಇ-ಬಸ್ ಸೇವಾ ಎಂಬ ಇನ್ನೊಂದು ಯೋಜನೆಗೆ ಸಂಪುಟ ಒಪ್ಪಿಗೆ ಕೊಟ್ಟಿತು. 10,000 ಬಸ್ಸುಗಳು, ಮುಖ್ಯವಾಗಿ 3 ಲಕ್ಷಕ್ಕಿಂತ ಹೆಚ್ಚು ಜನರಿರುವ ನಗರಗಳಿಗೆ. ಹುಬ್ಬಳ್ಳಿ-ಧಾರವಾಡ ಆ ಅಳತೆಯೊಳಗೆ ಬರುತ್ತದೆ. 2011ರ ಜನಗಣತಿಯಲ್ಲಿ ಶಿರಸಿ ನಗರದ ಜನಸಂಖ್ಯೆ 60 ಸಾವಿರದ ಆಸುಪಾಸು. ಸಿದ್ದಾಪುರ, ಯಲ್ಲಾಪುರ ಇನ್ನೂ ಚಿಕ್ಕವು.

ಹೀಗೆ ಮೂರು ಯೋಜನೆಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಉತ್ತರ ಸ್ಪಷ್ಟ. ಬಸ್ಸಿಗೆ ಸಬ್ಸಿಡಿ ಇರುವುದು ನಿಜ, ಶಾಲೆಯ ಬಸ್ಸಿಗೆ ಅದು ಸಿಗುವುದಿಲ್ಲ. ಯಾರಾದರೂ ಏಜೆಂಟರು ಬಂದು "ಅರ್ಧ ಹಣ ಸರ್ಕಾರ ಹಾಕುತ್ತದೆ, ಮುಂಗಡ ಕೊಡಿ" ಎಂದರೆ ನಂಬಬೇಡಿ. ಈ ಮಾತನ್ನು ಶಾಲೆ ನಡೆಸುವ ನಮ್ಮ ಸ್ನೇಹಿತರಿಗೆ ಮುಖ್ಯವಾಗಿ ಹೇಳುತ್ತಿದ್ದೇವೆ.

ಹಾಗಾದರೆ ಶಾಲೆಗೆ ಏನೂ ಸಿಗುವುದಿಲ್ಲವೇ? ಸಣ್ಣಪುಟ್ಟದ್ದು ಸಿಗುತ್ತದೆ. ವಿದ್ಯುತ್ ವಾಹನದ ಮೇಲಿನ ಜಿಎಸ್‌ಟಿ 2019ರ ಆಗಸ್ಟ್ 1ರಿಂದ ಶೇ. 12ರಿಂದ 5ಕ್ಕೆ ಇಳಿದಿದೆ, ಚಾರ್ಜರ್‌ಗೂ ಶೇ. 5. ಡೀಸೆಲ್ ಬಸ್ಸಿಗೆ ಶೇ. 28 ಇತ್ತು, 2025ರ ಸೆಪ್ಟೆಂಬರ್ 22ರಿಂದ ಅದು 18 ಆಗಿದೆ. ಹಾಗಾಗಿ ಮೊದಲಿದ್ದ ಅಂತರ ಸ್ವಲ್ಪ ಕಡಿಮೆಯಾಯಿತು. ಬ್ಯಾಟರಿ ಚಾಲಿತ ಸಾರಿಗೆ ವಾಹನಕ್ಕೆ 2018ರ ಅಕ್ಟೋಬರ್‌ನಿಂದ ಪರ್ಮಿಟ್ ಬೇಡ. 2021ರ ಆಗಸ್ಟ್‌ನಿಂದ ನೋಂದಣಿ ಶುಲ್ಕವೂ ಇಲ್ಲ. ಚಾರ್ಜಿಂಗ್ ಕೇಂದ್ರ ನಡೆಸಲು ವಿದ್ಯುತ್ ಮಾರಾಟದ ಪರವಾನಗಿ ಬೇಡವೆಂದು 2018ರಲ್ಲೇ ಕೇಂದ್ರ ಇಂಧನ ಸಚಿವಾಲಯ ತಿಳಿಸಿದೆ, ರಾಜ್ಯದಲ್ಲಿ ವಾಹನ ಚಾರ್ಜಿಂಗ್‌ಗೆ ಪ್ರತ್ಯೇಕ ವಿದ್ಯುತ್ ದರವೂ ಇದೆ. ರಸ್ತೆ ತೆರಿಗೆಯ ನಿಯಮ ಆಗಾಗ ಬದಲಾಗುತ್ತಿರುತ್ತದೆ, ಖರೀದಿಸುವ ದಿನದ ದರವನ್ನು ಆರ್‌ಟಿಒ ಕಚೇರಿಯಲ್ಲೇ ಕೇಳಿಕೊಳ್ಳುವುದು ಒಳ್ಳೆಯದು.

ಇವೆಲ್ಲ ಸೇರಿದರೂ ಬೆಲೆಯ ಭಾರ ಇಳಿಯುವುದಿಲ್ಲ. ಎಷ್ಟು ಎಂಬುದನ್ನು ಒಂದು ಲೆಕ್ಕ ಮಾಡಿ ನೋಡೋಣ. ತರಗತಿಯಲ್ಲಿ ಮಾಡುತ್ತಿದ್ದಂತೆ ಇದು ಉದಾಹರಣೆಯ ಲೆಕ್ಕ, ಸಂಖ್ಯೆಗಳು ದುಂಡಾಗಿವೆ. ನಿಮ್ಮ ಶಾಲೆಯ ಸಂಖ್ಯೆಗಳನ್ನು ಹಾಕಿ ನೀವೇ ಮತ್ತೆ ಮಾಡಿಕೊಳ್ಳಬಹುದು.

ಒಂದು ಶಾಲಾ ಬಸ್ಸು ದಿನಕ್ಕೆ 60 ಕಿಲೋಮೀಟರ್ ಓಡುತ್ತದೆ ಎಂದುಕೊಳ್ಳಿ. ವರ್ಷಕ್ಕೆ 220 ದಿನ ಶಾಲೆ. ಒಟ್ಟು 13,200 ಕಿ.ಮೀ. ಡೀಸೆಲ್ ಬಸ್ಸು ಲೀಟರಿಗೆ 5 ಕಿ.ಮೀ. ಕೊಟ್ಟರೆ 2,640 ಲೀಟರ್. ಲೀಟರಿಗೆ 90 ರೂಪಾಯಿಯಂತೆ 2,37,600 ರೂಪಾಯಿ. ಅದೇ ಅಳತೆಯ ವಿದ್ಯುತ್ ಬಸ್ಸು ಕಿಲೋಮೀಟರಿಗೆ ಒಂದು ಯೂನಿಟ್ ತೆಗೆದುಕೊಳ್ಳುತ್ತದೆ, ಚಾರ್ಜ್ ಮಾಡುವಾಗ ಹತ್ತರಲ್ಲಿ ಒಂದು ಪಾಲು ಸೋರಿಹೋಗುತ್ತದೆ ಎಂದು ಹಿಡಿದರೆ 14,520 ಯೂನಿಟ್. ಯೂನಿಟ್ಟಿಗೆ 7 ರೂಪಾಯಿ ಎಂದರೆ 1,01,640. ಉಳಿತಾಯ ಸುಮಾರು 1,36,000. ಎಂಜಿನ್ ಆಯಿಲ್, ಫಿಲ್ಟರ್, ಕ್ಲಚ್ ಎಂಬ ಖರ್ಚು ಇಲ್ಲವಾದ್ದರಿಂದ ಇನ್ನೊಂದು 40 ಸಾವಿರ ಸೇರಿಸೋಣ. ವರ್ಷಕ್ಕೆ ಪೌಣೆಎರಡು ಲಕ್ಷ ಉಳಿಯಿತು.

ಕೇಳಲು ಚೆನ್ನಾಗಿದೆ. ಆದರೆ ಡೀಸೆಲ್ ಬಸ್ಸಿಗೆ 30 ಲಕ್ಷ, ವಿದ್ಯುತ್ ಬಸ್ಸಿಗೆ 90 ಲಕ್ಷ ಎಂದಿಟ್ಟುಕೊಂಡರೆ ಹೆಚ್ಚುವರಿ 60 ಲಕ್ಷ ಮರಳಿ ಬರಲು 34 ವರ್ಷ ಬೇಕು. ಬಡ್ಡಿ ಹಿಡಿಯದೆ ಇಷ್ಟು. ಅಷ್ಟರಲ್ಲಿ ಬಸ್ಸೂ ಇರುವುದಿಲ್ಲ, ಬ್ಯಾಟರಿಯಂತೂ ಇರುವುದಿಲ್ಲ.

ಹಾಗಿದ್ದರೆ ಬೆಂಗಳೂರಿನಲ್ಲಿ ಅದು ಹೇಗೆ ಹೊಂದುತ್ತದೆ? ಉತ್ತರ ಕಿಲೋಮೀಟರಿನಲ್ಲಿದೆ. ನಗರದ ಬಸ್ಸು ದಿನಕ್ಕೆ 200 ಕಿ.ಮೀ.ನಂತೆ ವರ್ಷದಲ್ಲಿ 350 ದಿನ ಓಡಿದರೆ 70,000 ಕಿ.ಮೀ. ಆಗುತ್ತದೆ. ಮೇಲಿನ ಲೆಕ್ಕದಂತೆ ಪ್ರತಿ ಕಿಲೋಮೀಟರಿಗೆ 10 ರೂಪಾಯಿ 30 ಪೈಸೆ ಇಂಧನದಲ್ಲಿ ಉಳಿದರೆ ವರ್ಷಕ್ಕೆ 7 ಲಕ್ಷಕ್ಕೂ ಮಿಕ್ಕಿ. ಎಂಟೊಂಬತ್ತು ವರ್ಷದಲ್ಲಿ ಹೆಚ್ಚುವರಿ ಬೆಲೆ ಮರಳುತ್ತದೆ. ಅದಲ್ಲದೆ ಬಿಎಂಟಿಸಿ ಇಂಥ ಬಸ್ಸುಗಳನ್ನು ತಾನೇ ಕೊಳ್ಳದೆ, ಕಂಪನಿ ಬಸ್ಸು ತಂದು ಚಾಲಕನನ್ನೂ ಕೊಟ್ಟು ಓಡಿಸುತ್ತದೆ, ನಿಗಮ ಕಿಲೋಮೀಟರಿಗೆ ಇಷ್ಟು ಎಂದು ಪಾವತಿ ಮಾಡುತ್ತದೆ. 2022ರಲ್ಲಿ ಬೆಂಗಳೂರು ಸೇರಿ ಐದು ನಗರಗಳು ಒಟ್ಟಾಗಿ 5,450 ಬಸ್ಸುಗಳಿಗೆ ಒಂದೇ ಟೆಂಡರ್ ಕರೆದದ್ದರಿಂದ ದರವೂ ಇಳಿಯಿತು. ಒಂದು ಬಸ್ಸು, ಎರಡು ಬಸ್ಸು ಕೇಳುವ ಶಾಲೆಗೆ ಆ ಚೌಕಾಸಿಯ ಬಲ ಎಲ್ಲಿಂದ ಬರಬೇಕು? ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಓಡಿ ಉಳಿದ ಹೊತ್ತು ಮಾವಿನ ಮರದ ಕೆಳಗೆ ನಿಲ್ಲುವ ಬಸ್ಸಿಗೆ ಡೀಸೆಲ್ ಉಳಿತಾಯವೊಂದೇ ಆಧಾರವಾಗಲಾರದು.

ಇದು ನಮ್ಮ ದೇಶದ ಬಡತನದ ಮಾತಲ್ಲ. ಸುಮಾರು 4 ಲಕ್ಷ 80 ಸಾವಿರ ಹಳದಿ ಶಾಲಾ ಬಸ್ಸುಗಳಿರುವ ಅಮೆರಿಕದಲ್ಲೂ ಲೆಕ್ಕ ಹೀಗೆಯೇ. ಆದ್ದರಿಂದ ಅಲ್ಲಿ 2021ರ ಕಾಯ್ದೆಯೊಂದರಲ್ಲಿ ಶಾಲಾ ಬಸ್ಸುಗಳಿಗೆಂದೇ ಐದು ವರ್ಷಕ್ಕೆ 500 ಕೋಟಿ ಡಾಲರ್ ತೆಗೆದಿಟ್ಟರು. ನ್ಯೂಯಾರ್ಕ್ ರಾಜ್ಯ 2022ರಲ್ಲಿ ಕಾನೂನು ಮಾಡಿ, 2027ರಿಂದ ಕೊಳ್ಳುವ ಹೊಸ ಶಾಲಾ ಬಸ್ಸು ಹೊಗೆ ಉಗುಳಬಾರದು, 2035ಕ್ಕೆ ಎಲ್ಲವೂ ಬದಲಾಗಬೇಕು ಎಂದಿತು. ಮೇರಿಲ್ಯಾಂಡಿನ ಮಾಂಟ್ಗೊಮೆರಿ ಕೌಂಟಿಯ ಶಾಲೆಗಳು 2021ರಲ್ಲಿ 326 ಬಸ್ಸುಗಳನ್ನು ಕೊಳ್ಳದೆ ಗುತ್ತಿಗೆಗೆ ಪಡೆಯಲು ಒಪ್ಪಂದ ಮಾಡಿಕೊಂಡವು. ಕ್ಯಾಲಿಫೋರ್ನಿಯಾದ ಓಕ್ಲೆಂಡ್‌ನಲ್ಲಿ 2024ರಲ್ಲಿ 74 ಬಸ್ಸುಗಳು ಪೂರ್ತಿ ವಿದ್ಯುತ್ತಿಗೆ ಬದಲಾದವು. ಅಲ್ಲಿ ಇನ್ನೊಂದು ಜಾಣತನವಿದೆ. ಬಸ್ಸು ನಿಂತಿರುವಾಗ ಅದರ ಬ್ಯಾಟರಿಯಿಂದ ಕರೆಂಟನ್ನು ತಂತಿಗೆ ಹಿಂದಿರುಗಿಸಿ ಅದಕ್ಕೆ ಹಣ ಪಡೆಯುತ್ತಾರೆ. ಹೆಚ್ಚು ಹೊತ್ತು ನಿಂತೇ ಇರುವುದು ಶಾಲಾ ಬಸ್ಸಿನ ದೌರ್ಬಲ್ಯವಾಗಿತ್ತಲ್ಲ, ಅಲ್ಲಿ ಅದೇ ಗಳಿಕೆಯಾಯಿತು.

ಮಕ್ಕಳ ಆರೋಗ್ಯದ ಕಾರಣ ಮಾತ್ರ ಲೆಕ್ಕಕ್ಕೆ ಸಿಗುವಂಥದಲ್ಲ. ಡೀಸೆಲ್ ಹೊಗೆ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ಖಚಿತ ಪಟ್ಟಿಗೆ ಸೇರಿಸಿದೆ. ಶಾಲೆ ಬಿಡುವ ಹೊತ್ತಿಗೆ ಎಂಜಿನ್ ಆರಿಸದೆ ಸಾಲಾಗಿ ನಿಲ್ಲುವ ವಾಹನಗಳ ಹಿಂದೆ, ಸರಿಯಾಗಿ ಸೈಲೆನ್ಸರಿನ ಎತ್ತರಕ್ಕೆ, ನಮ್ಮ ಒಂದನೇ ಎರಡನೇ ತರಗತಿಯ ಮಕ್ಕಳ ಮೂಗಿರುತ್ತದೆ. ಇದಕ್ಕೆ ವಿದ್ಯುತ್ ಬಸ್ಸಿನವರೆಗೆ ಕಾಯಬೇಕಾಗಿಲ್ಲ. ನಿಂತಾಗ ಎಂಜಿನ್ ಆರಿಸಿ ಎಂದು ಚಾಲಕರಿಗೆ ಹೇಳಲು ಯಾವ ಯೋಜನೆಯೂ ಬೇಡ. 2020ರ ಏಪ್ರಿಲ್ 1ರ ನಂತರ ಮಾರಾಟವಾದ ಡೀಸೆಲ್ ವಾಹನಗಳು ಬಿಎಸ್-6 ಮಟ್ಟದವು, ಹಳೆಯವಕ್ಕಿಂತ ಬಹಳ ಕಡಿಮೆ ಹೊಗೆ ಬಿಡುತ್ತವೆ. ಇಪ್ಪತ್ತು ವರ್ಷದ ಟೆಂಪೋ ತೆಗೆದು ಬಿಎಸ್-6 ಬಸ್ಸು ಹಾಕಿದರೂ ಮಗುವಿನ ಶ್ವಾಸಕೋಶಕ್ಕೆ ದೊಡ್ಡ ಉಪಕಾರ. ವಿದ್ಯುತ್ ಬಸ್ಸೇ ಬೇಕು, ಇಲ್ಲವಾದರೆ ಏನೂ ಬೇಡ ಎಂಬ ಹಟ ನಮಗೆ ಸರಿ ಕಾಣುವುದಿಲ್ಲ.

ಈಗ ನಮ್ಮ ರಸ್ತೆಯ ಮಾತು. ಘಟ್ಟದ ದಾರಿಯಲ್ಲಿ ಕರೆಂಟ್ ಬಸ್ಸು ಹತ್ತುತ್ತದೆಯೇ ಎಂದು ಹಲವರು ಕೇಳಿದ್ದಾರೆ. ಹತ್ತುತ್ತದೆ. ಮೋಟಾರಿಗೆ ನಿಂತಲ್ಲಿಂದಲೇ ಪೂರ್ತಿ ಎಳೆತ ಇರುತ್ತದೆ, ಗೇರು ಹುಡುಕಬೇಕಾಗಿಲ್ಲ. ಏರಿನಲ್ಲಿ ಬ್ಯಾಟರಿ ಬೇಗ ಇಳಿಯುತ್ತದೆ ನಿಜ. ಆದರೆ ಇಳಿಜಾರಿನಲ್ಲಿ ಅದೇ ಮೋಟಾರು ಡೈನಮೋ ಆಗಿ ತಿರುಗಿ ಸ್ವಲ್ಪ ಕರೆಂಟನ್ನು ಮರಳಿ ತುಂಬುತ್ತದೆ, ಬ್ರೇಕಿನ ಕೆಲಸವನ್ನೂ ಹಗುರ ಮಾಡುತ್ತದೆ. ಸೈಕಲ್ ಡೈನಮೋ ನೋಡಿದವರಿಗೆ ಇದು ಹೊಸ ವಿಜ್ಞಾನವಲ್ಲ. ಅಲ್ಲದೆ ನಮ್ಮ ಶಾಲಾ ಬಸ್ಸುಗಳು ದೇವಿಮನೆ ಘಟ್ಟವನ್ನೋ ಅರಬೈಲ್ ಘಟ್ಟವನ್ನೋ ದಿನಾ ಇಳಿದು ಹತ್ತುವುದಿಲ್ಲ, ಹೆಚ್ಚಿನವು ಘಟ್ಟದ ಮೇಲಿನ ಏರಿಳಿತದಲ್ಲೇ ಓಡುತ್ತವೆ. ದಿನಕ್ಕೆ 60 ಕಿಲೋಮೀಟರಿಗೆ ಸುಮಾರು 66 ಯೂನಿಟ್ ಬೇಕು. 15 ಕಿಲೋವಾಟ್ ಚಾರ್ಜರಿನಲ್ಲಿ ಅದು ರಾತ್ರಿ ನಾಲ್ಕೂವರೆ ಗಂಟೆಯ ಕೆಲಸ.

ತೊಡಕು ಇರುವುದು ಮಳೆಗಾಲದ ಕರೆಂಟಿನಲ್ಲಿ. ಶಾಲೆ ಆರಂಭವಾಗುವುದೂ ಮಳೆ ಹಿಡಿಯುವುದೂ ಒಂದೇ ಹೊತ್ತಿಗೆ. ಜೂನ್, ಜುಲೈಯಲ್ಲಿ ಅಡಿಕೆ ತೋಟದ ನಡುವಿನ, ಕಾಡಿನ ನಡುವಿನ ಲೈನಿನ ಮೇಲೆ ಮರ ಬಿದ್ದರೆ ಲೈನ್‌ಮನ್‌ಗಳು ಜೀವ ಪಣಕ್ಕಿಟ್ಟು ದುಡಿದರೂ ಒಳಗಿನ ಊರಿಗೆ ಕರೆಂಟ್ ಬರುವುದು ಎರಡು ಮೂರು ದಿನ ತಡವಾಗಬಹುದು. ಒಮ್ಮೆ ಪೂರ್ತಿ ಚಾರ್ಜ್ ಮಾಡಿದರೆ ಎರಡು ದಿನ ಓಡುವಷ್ಟು ದೊಡ್ಡ ಬ್ಯಾಟರಿ ಇದ್ದರೆ ಹೇಗೋ ನಡೆದೀತು. ಇನ್ನು ಅಂಥ ಚಾರ್ಜರಿಗೆ ಮೂರು ಫೇಸ್ ಸಂಪರ್ಕ, ಹೆಚ್ಚಿನ ಮಂಜೂರಾತಿ ಲೋಡ್, ಕೆಲವು ಕಡೆ ಹೊಸ ಟಿಸಿ ಬೇಕಾಗುತ್ತದೆ. ಬಸ್ಸಿನ ಬೆಲೆ ಹೇಳುವವರು ಈ ಖರ್ಚನ್ನು ಹೇಳುವುದಿಲ್ಲ. ಶಾಲೆಯ ಸೂರಿನ ಮೇಲೆ ಸೋಲಾರ್ ಹಾಕಿ ಹಗಲು ನಿಂತಿರುವ ಬಸ್ಸಿಗೆ ತುಂಬಬಹುದು ಎಂಬುದು ಒಳ್ಳೆಯ ಯೋಚನೆ. ಆದರೆ ಘಟ್ಟದ ಮೇಲೆ ಜೂನಿನಿಂದ ಸೆಪ್ಟೆಂಬರಿನವರೆಗೆ ಸೂರ್ಯನನ್ನು ನಂಬಿ ಬಸ್ಸು ಬಿಡಲಾಗದು.

ಇಲ್ಲಿ ಒಂದು ಮಾತು ಹೇಳದೆ ಇರಲಾಗದು. ರಾಜ್ಯಕ್ಕೆ ಬೆಳಕು ಕೊಡುವ ಜಿಲ್ಲೆ ನಮ್ಮದು. ಕಾಳಿ ನದಿಯ ಸೂಪಾ, ನಾಗಝರಿ, ಯಲ್ಲಾಪುರ ತಾಲ್ಲೂಕಿನದೇ ಆದ ಕೊಡಸಳ್ಳಿ, ಕದ್ರಾ. ಸಿದ್ದಾಪುರದ ಮಗ್ಗುಲಲ್ಲೇ ಜೋಗದ ಶರಾವತಿ. ಕೈಗಾದಲ್ಲಿ ತಲಾ 220 ಮೆಗಾವಾಟ್‌ನ ನಾಲ್ಕು ಅಣು ಘಟಕಗಳು. ಇದಕ್ಕಾಗಿ ಕಾಡು, ಗದ್ದೆ, ಮನೆ ಬಿಟ್ಟುಕೊಟ್ಟವರ ಮೊಮ್ಮಕ್ಕಳು ನಮ್ಮ ಶಾಲೆಗಳಲ್ಲಿ ಓದುತ್ತಿದ್ದಾರೆ. ಈ ಕರೆಂಟಿನಿಂದ ಓಡುವ ಬಸ್ಸಿನ ಸಬ್ಸಿಡಿ ದೊಡ್ಡ ನಗರಗಳಿಗೆ ಮಾತ್ರ ಎಂಬುದು ನ್ಯಾಯವಲ್ಲ ಎಂದು ನಾವು ಭಾವಿಸುತ್ತೇವೆ. 2030ರ ಗುರಿಯಲ್ಲಿ ಶಾಲಾ ಬಸ್ಸಿನ ಹೆಸರು ಇರುವುದರಿಂದ, ಅದಕ್ಕೆ ತಕ್ಕ ಹಣವನ್ನು ಸಣ್ಣ ಊರುಗಳ ಶಾಲೆಗಳಿಗೂ ಇಡಬೇಕು, ಹಲವು ಶಾಲೆಗಳ ಬೇಡಿಕೆಯನ್ನು ಜಿಲ್ಲಾ ಮಟ್ಟದಲ್ಲಿ ಒಟ್ಟುಗೂಡಿಸಿ ಒಂದೇ ಟೆಂಡರ್ ಕರೆಯಬೇಕು ಎಂದು ಸಾರಿಗೆ ಇಲಾಖೆಗೂ ನಮ್ಮ ಕ್ಷೇತ್ರದ ಜನಪ್ರತಿನಿಧಿಗಳಿಗೂ ಮನವಿ ಕೊಡಲು ನಿರ್ಧರಿಸಿದ್ದೇವೆ. ಇದು ಒಂದು ಸಮುದಾಯದ ಬೇಡಿಕೆಯಲ್ಲ. ಶಿರಸಿ ಶೈಕ್ಷಣಿಕ ಜಿಲ್ಲೆಯ ಎಲ್ಲ ಆಡಳಿತ ಮಂಡಳಿಗಳೂ ಸಹಿ ಹಾಕಲಿ ಎಂಬುದು ನಮ್ಮ ಆಸೆ.

ಸುರಕ್ಷತೆಯ ಬಗ್ಗೆ ಚಿಕ್ಕದಾಗಿ. ಬ್ಯಾಟರಿಗೆ ಬೆಂಕಿ ಹತ್ತಿದ ಸುದ್ದಿಗಳ ನಂತರ ಕೇಂದ್ರ ಸರ್ಕಾರ ಪರೀಕ್ಷಾ ನಿಯಮಗಳನ್ನು 2022ರ ಡಿಸೆಂಬರ್ ಮತ್ತು 2023ರ ಮಾರ್ಚ್‌ನಲ್ಲಿ ಎರಡು ಹಂತದಲ್ಲಿ ಬಿಗಿ ಮಾಡಿತು. ಆದ್ದರಿಂದ ಯಾರಾದರೂ ಹಳೆಯ ವಿದ್ಯುತ್ ವಾಹನ ಅಗ್ಗಕ್ಕೆ ಕೊಡುತ್ತೇವೆಂದರೆ ತಯಾರಾದ ದಿನಾಂಕ ನೋಡಿ. ಬಸ್ಸು ಯಾವುದರಿಂದಲಾದರೂ ಓಡಲಿ, 1997ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಹಳದಿ ಬಣ್ಣ, ಕಿಟಕಿಗೆ ಅಡ್ಡ ಸರಳು, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಬೆಂಕಿ ಆರಿಸುವ ಸಾಧನ, ಮಕ್ಕಳನ್ನು ಹತ್ತಿಸಿ ಇಳಿಸುವ ಸಹಾಯಕ ಇವೆಯೇ ಎಂದು ಪಾಲಕರು ಕೇಳಬೇಕು. ಆಟೋದಲ್ಲಿ ಹನ್ನೆರಡು ಮಕ್ಕಳನ್ನು ತುಂಬಿ ಕಳಿಸುವವರು ಬ್ಯಾಟರಿಯ ಬೆಂಕಿಗೆ ಹೆದರುವುದರಲ್ಲಿ ಅರ್ಥವಿಲ್ಲ.

ಇಷ್ಟನ್ನೆಲ್ಲ ತೂಗಿ ನೋಡಿ, ಈ ವರ್ಷ ವಿದ್ಯುತ್ ಬಸ್ಸು ಕೊಳ್ಳುವುದು ಬೇಡ ಎಂದು ತೀರ್ಮಾನಿಸಿದ್ದೇವೆ. ಮುಂದೆ ಬಂದ ದಾನಿಗಳಿಗೆ ಇದು ನಿರಾಶೆ ತರಬಹುದು. ಆದರೆ ಆ ಹೆಚ್ಚುವರಿ 60 ಲಕ್ಷವನ್ನು ಇನ್ನೊಂದು ರೀತಿ ನೋಡಿ. ಒಬ್ಬ ವಿದ್ಯಾರ್ಥಿಗೆ ವರ್ಷಕ್ಕೆ 12,000 ರೂಪಾಯಿ ಪ್ರಯಾಣ ವೆಚ್ಚ ಕೊಟ್ಟರೆ, ಅಷ್ಟೇ ಹಣದಲ್ಲಿ 500 ಮಕ್ಕಳು ಒಂದು ವರ್ಷ, ಅಥವಾ 100 ಮಕ್ಕಳು ಐದು ವರ್ಷ ಓದಲು ಹೋಗಿ ಬರಬಹುದು. ಹತ್ತನೇ ತರಗತಿ ಮುಗಿಸಿ ಕಾಲೇಜಿಗೆ ದೂರವೆಂದು ಮನೆಯಲ್ಲಿ ಉಳಿಯುವ ಹುಡುಗಿಗೆ ಬಸ್ಸು ಯಾವ ಇಂಧನದಿಂದ ಓಡುತ್ತದೆ ಎಂಬುದಕ್ಕಿಂತ ಬಸ್ಸು ಇದೆಯೇ ಎಂಬುದು ಮೊದಲ ಪ್ರಶ್ನೆ. ಜಕಾತ್ ಖಾತೆಯ ಹಣವನ್ನು ಅರ್ಹ ವಿದ್ಯಾರ್ಥಿಗಳಿಗೆ ನೇರವಾಗಿ ಕೊಡುತ್ತ ಬಂದಿದ್ದೇವೆ, ಅದನ್ನು ವಾಹನಕ್ಕೆ ತಿರುಗಿಸುವ ಪ್ರಶ್ನೆಯೇ ಇಲ್ಲ. ಬಸ್ಸಿಗೆಂದೇ ಸದಕಾ ಅಥವಾ ಸಾಮಾನ್ಯ ದಾನ ಕೊಡಲು ಬಯಸುವವರ ಹಣವನ್ನು ಪ್ರತ್ಯೇಕ ಖಾತೆಯಲ್ಲಿ ಇಟ್ಟು, ಸಹಾಯಧನ ಬರುವವರೆಗೆ ಕಾಯಲು ಸಿದ್ಧರಿದ್ದೇವೆ. ಕಾಯುವುದು ಬೇಡವೆಂದರೆ ಅವರ ಲಿಖಿತ ಒಪ್ಪಿಗೆ ಪಡೆದು ಪ್ರಯಾಣ ನೆರವಿಗೆ ಬಳಸುತ್ತೇವೆ. ಒಪ್ಪಿಗೆಯಿಲ್ಲದೆ ಒಂದು ರೂಪಾಯಿಯೂ ಅತ್ತಿತ್ತ ಹೋಗುವುದಿಲ್ಲ.

ಪಾಲಕರಿಗೆ ಕೊನೆಯದಾಗಿ ಕೆಲವು ಸೂಚನೆ. ಸರ್ಕಾರಿ ಬಸ್ಸು ಬರುವ ದಾರಿಯಲ್ಲಿ ಇರುವವರು ಮೊದಲು ಅದನ್ನೇ ಬಳಸಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ವಾಯವ್ಯ ಕರ್ನಾಟಕ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಹಣವಿಲ್ಲ, ಗುರುತಿನ ಚೀಟಿ ಇಟ್ಟುಕೊಂಡಿರಬೇಕು. ಗಂಡುಮಕ್ಕಳು ಸೇವಾಸಿಂಧು ಮೂಲಕ ರಿಯಾಯಿತಿ ಪಾಸಿಗೆ ಅರ್ಜಿ ಹಾಕಬೇಕು, ಶಾಲೆ ತೆರೆದ ಮೊದಲ ವಾರದಲ್ಲೇ ಹಾಕಿದರೆ ಅಲೆದಾಟ ತಪ್ಪುತ್ತದೆ. ಹತ್ತಿರ ಶಾಲೆಯಿಲ್ಲದ ಒಳ ಊರಿನ ಮಕ್ಕಳಿಗೆ ಸಮಗ್ರ ಶಿಕ್ಷಣ ಯೋಜನೆಯಲ್ಲಿ ವರ್ಷಕ್ಕೆ 6,000 ರೂಪಾಯಿವರೆಗೆ ಸಾರಿಗೆ ನೆರವಿಗೆ ಅವಕಾಶವಿದೆ. ನಿಮ್ಮ ಊರು ಆ ಪಟ್ಟಿಯಲ್ಲಿದೆಯೇ ಎಂದು ಮುಖ್ಯೋಪಾಧ್ಯಾಯರ ಮೂಲಕ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ.

ಈ ಸಾಲಿನ ವಿದ್ಯಾರ್ಥಿವೇತನ ಅರ್ಜಿಯಲ್ಲಿ ಪ್ರಯಾಣ ವೆಚ್ಚಕ್ಕೆಂದು ಹೊಸ ಕಾಲಂ ಸೇರಿಸಿದ್ದೇವೆ. ಮನೆಯಿಂದ ಬಸ್ ನಿಲ್ದಾಣಕ್ಕೆ ನಡೆಯುವ ದೂರ, ನಿಲ್ದಾಣದಿಂದ ಶಾಲೆ ಅಥವಾ ಕಾಲೇಜಿಗೆ ಇರುವ ದೂರ, ಸರ್ಕಾರಿ ಬಸ್ಸು ಬರುವ ಹೊತ್ತು, ಬರದಿದ್ದರೆ ಟೆಂಪೋ ಅಥವಾ ಆಟೋಗೆ ತಿಂಗಳಿಗೆ ಕೊಡುವ ಬಾಡಿಗೆ, ಇಷ್ಟನ್ನೂ ಬರೆಯಿರಿ. ಪಾಸು ಇದ್ದರೆ ಅದರ ಪ್ರತಿ ಲಗತ್ತಿಸಿ. ಮಳೆಗಾಲದಲ್ಲಿ ದಾರಿ ಮುಚ್ಚಿ ಶಾಲೆ ತಪ್ಪುವ ದಿನಗಳಿದ್ದರೆ ಅದನ್ನೂ ಸೇರಿಸಿ. ಕಾಲಂ ಖಾಲಿ ಬಿಟ್ಟ ಅರ್ಜಿಗಳನ್ನು ತುಂಬಿಸಲು ಮರಳಿಸಲಾಗುವುದು.